ಅತ್ತೆಯ ಎಡಗಣ್ಣು

ನನ್ನ ಗಂಡನ ತಾಯಿಯ ಎಡಗಣ್ಣಿನ ರೆಪ್ಪೆಯ ಮೇಲೆ ಗೋಧಿಕಾಳಿನಷ್ಟು ದೊಡ್ಡ ಕಪ್ಪು ಮಚ್ಚೆಯಿತ್ತು. ಬಾಯಿಗಿಟ್ಟ ತುತ್ತಿನಲ್ಲಿ ಏನಾದರೂ ಹೆಚ್ಚುಕಮ್ಮಿಯಿದ್ದರೆ ಆ ರೆಪ್ಪೆ ಅರ್ಧ ಇಳಿದು ಕಣ್ಣು ಸಣ್ಣದಾಗುತ್ತಿತ್ತು. ಬಲಗಣ್ಣಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಬಾಯಂತೂ ಯಾವ ಕಣ್ಣಿನ ಮಾತೂ ಕೇಳದೆ "ಚಲೋ ಆಗೈತವ್ವ" ಅಂದುಬಿಡುತ್ತಿತ್ತು. ಉಪ್ಪು ಮರೆತ ಬೇಳೆಗೂ ಅದೇ ಮಾತು, ತಳ ಹತ್ತಿದ ಹುಗ್ಗಿಗೂ ಅದೇ ಮಾತು.

ನಾನು ಹರಪನಹಳ್ಳಿಯವಳು. ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಹಡಗಲಿ ತಾಲೂಕಿನ ಹೊಳೆದಂಡೆಯ ಊರಿಗೆ ಬಂದೆ. ಮಾಗಳದಿಂದ ಬಹಳ ದೂರವೇನಲ್ಲ, ಆದರೆ ಬಸ್ಸು ಅಲ್ಲಿಗೇ ನಿಲ್ಲುತ್ತಿತ್ತು. ಮುಂದಕ್ಕೆ ಎತ್ತಿನ ಚಕ್ಕಡಿ ಇಲ್ಲವೇ ಕಾಲ್ನಡಿಗೆ. ನನಗೆ ಅಡಿಗೆ ಬರುತ್ತದೆ ಎಂದು ನನ್ನ ತವರಿನವರು ಹೇಳಿದ್ದು ಶುದ್ಧ ಸುಳ್ಳು. ಆದರೂ ಅತ್ತೆ ದಿನಾ ಚಲೋ ಆಗೈತಿ, ಚಲೋ ಆಗೈತಿ ಅನ್ನುತ್ತಿದ್ದರಿಂದ ನನ್ನ ಕೈಗೇ ಏನೋ ಗುಣ ಬಂದಿದೆ ಎಂದುಕೊಂಡು ಬೀಗುತ್ತಿದ್ದೆ. ಕೊನೆಗೆ ನನ್ನ ಗಂಡನಿಗೇ ತಡೆಯಲಾಗಲಿಲ್ಲ. "ನೀ ಅವ್ವನ ಬಾಯಿ ನೋಡ್ತಿ. ಕಣ್ಣು ನೋಡು ಮಾರಾಯ್ತಿ" ಅಂದರು. ಅವತ್ತು ರಾತ್ರಿ ಊಟದ ಹೊತ್ತಿನಲ್ಲಿ ಕಣ್ಣು ನೋಡಿದೆ. ಮಚ್ಚೆ ಇಳಿಯಿತು. ನನ್ನ ಮುಖವೂ ಇಳಿಯಿತು.

"ಅತ್ತಿ, ಉಪ್ಪು ಜಾಸ್ತಿ ಆಗೇತಿ ಅಂತ ಹೇಳಬಾರದೇನ್ರಿ?" ಎಂದು ಕೇಳಿದೆ.

"ಅಯ್ಯ, ಪ್ರಸಾದಕ್ಕ ಹೆಸರಿಡತಾರೇನ ಹುಡುಗಿ?" ಅಂದರು. ಅಷ್ಟೇ. ಆಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ಅಂಚೆಲ್ಲ ತೊಳೆದು, ಆ ನೀರನ್ನು ಕುಡಿದರು. ಹಾಗೆ ತೊಳೆದು ಕುಡಿಯುವುದು ಆ ಮನೆಯ ನೇಮ. ಅನ್ನದ ಒಂದು ಅಗುಳು ಕೂಡ ಬಚ್ಚಲಿಗೆ ಹೋಗಬಾರದು, ಅನ್ನದ ಬಗ್ಗೆ ಒಂದು ಕೆಟ್ಟ ಮಾತೂ ಬಾಯಿಂದ ಹೊರಗೆ ಬರಬಾರದು.

ರುಚಿ ತಿಳಿಯುತ್ತಿರಲಿಲ್ಲ ಅಂತಲ್ಲ. ಊರಲ್ಲಿ ಯಾರ ಮನೆಯ ಮದುವೆಯಾಗಲಿ, ಬಡಿಸುವ ಮೊದಲು ಅತ್ತೆಯನ್ನು ಕರೆದು ಅಂಗೈಗೆ ಒಂದಿಷ್ಟು ಹಾಕುತ್ತಿದ್ದರು. ಇವರು ಅದನ್ನು ಕಣ್ಣಿಗೊತ್ತಿಕೊಂಡು ತಿಂದು, ಚಲೋ ಆಗೈತಿ ಅಂದು, ಅಡಿಗೆಯವನು ಆಚೆ ತಿರುಗಿದ ಕೂಡಲೇ ಎರಡು ಲಿಂಬೆಹಣ್ಣು ಹಿಂಡಿಬಿಡುತ್ತಿದ್ದರು. ಇಲ್ಲವೇ ಒಂದು ಹೆಂಟೆ ಬೆಲ್ಲ. ಅಡಿಗೆಯವನ ಮಾನವೂ ಉಳಿಯಿತು, ಸಾರೂ ಉಳಿಯಿತು. ಇಡೀ ಜೀವಮಾನ ಹೀಗೇ ನಡೆದಿತ್ತು. ಅತ್ತೆ ಬಾಯಿಗಿಟ್ಟು ಹೂಂ ಅಂದರೆ ಊರಿಗೆ ಊರೇ ಎಲೆಯ ಮುಂದೆ ಕೂರುತ್ತಿತ್ತು.

ನಮ್ಮೂರಿನ ಹೊಳೆಯ ಸ್ವಭಾವ ಹೇಳಬೇಕು. ನಮ್ಮ ಕಡೆ ಮಳೆ ಅಂದರೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೊಳೆ ತುಂಬುವುದು ಮೇಲಿನ ಮಲೆನಾಡಿನ ಮಳೆಗೆ. ಹೀಗಾಗಿ ತಲೆಯ ಮೇಲೆ ಬಿಸಿಲು ಚುರುಗುಟ್ಟುತ್ತಿರುವಾಗಲೇ ಕಾಲ ಬುಡಕ್ಕೆ ನೀರು ಬಂದುಬಿಡುತ್ತಿತ್ತು. ಊರ ಹಿಂದಿನ ಹಳ್ಳವೂ ಹಿನ್ನೀರಿಗೆ ಉಬ್ಬಿದರೆ ಊರು ನಾಲ್ಕೂ ಕಡೆಯಿಂದ ಕಡಿದುಹೋಗುತ್ತಿತ್ತು. ಆಗ ಎಲ್ಲರೂ ದನಕರು, ಮಕ್ಕಳು ಮರಿ ಕಟ್ಟಿಕೊಂಡು ಶಾಲೆಯ ದಿಬ್ಬಕ್ಕೆ ಹತ್ತುವುದು. ಅದಕ್ಕಾಗಿಯೇ ಕಾರಹುಣ್ಣಿಮೆ ಮುಗಿದ ಕೂಡಲೇ ಪ್ರತಿ ಮನೆಯಲ್ಲೂ ಕಟಕ ರೊಟ್ಟಿ ಬಡಿಯುತ್ತಿದ್ದರು. ತೆಳ್ಳಗೆ ಬಡಿದು, ಬೇಯಿಸಿ, ಗರಿಗರಿಯಾಗುವ ತನಕ ಒಣಗಿಸಿದ ಜೋಳದ ರೊಟ್ಟಿ. ತಿಂಗಳುಗಟ್ಟಲೆ ಕೆಡುವುದಿಲ್ಲ. ಅದನ್ನು ಹಳೇ ಧೋತರದಲ್ಲಿ ಗಂಟು ಕಟ್ಟಿ, ಜೊತೆಗೆ ಶೇಂಗಾ ಚಟ್ನಿಪುಡಿಯ ಗಡಿಗೆಯಿಟ್ಟು, ಹೊಳೆ ಬಂದರೆ ಮೊದಲು ಆ ಗಂಟನ್ನು ಹೊರಬೇಕು, ಆಮೇಲೆ ಉಳಿದದ್ದು. ಆದರೆ ಆ ಹೊತ್ತಿಗೆ ಮನೆಯಲ್ಲಿ ಜೋಳ ತಳ ಕಂಡಿರುತ್ತಿತ್ತು. ಒಲೆಯ ಮುಂದೆ ಕೂತು ಕೂತು ಹೆಂಗಸರ ಸೊಂಟ ಬಿದ್ದುಹೋಗುತ್ತಿತ್ತು.

ನಾನು ಬಂದ ಮರುವರ್ಷ ಶಿವರಾತ್ರಿಯ ಸುಮಾರಿಗೆ ಊರಿಗೊಂದು ಜೀಪು ಬಂತು. ದೂರದ ಪಟ್ಟಣದ ಒಂದು ಸೇವಾಸಂಘದವರು. ಮುಂದಾಳು ಬಿಳಿ ಟೋಪಿಯ ಹಿರಿಯರು, ಮಾತು ಬಹಳ ಮೃದು. ಹೊಳೆಗೆ ಸಿಕ್ಕುವ ಊರುಗಳಿಗೆ ಮೊದಲೇ ಊಟದ ಪಾಕೀಟು ತಂದಿಡುವುದು ಅವರ ವಿಚಾರ. ಪ್ಲಾಸ್ಟಿಕ್ಕಿನ ಚೀಲ, ಬಾಯಿಗೆ ಮೇಣದಬತ್ತಿಯ ಉರಿ ಹಿಡಿದು ಅಂಟಿಸಿದ್ದು. ಒಂದರಲ್ಲಿ ಹುರಿಹಿಟ್ಟು, ಒಂದರಲ್ಲಿ ಶೇಂಗಾ ಹಾಕಿದ ಒಗ್ಗರಣೆ ಅವಲಕ್ಕಿ, ಇನ್ನೊಂದರಲ್ಲಿ ಎಣ್ಣೆಯಲ್ಲಿ ಹುರಿದ ರವೆ. ಬಿಸಿನೀರು ಹಾಕಿದರೆ ಉಪ್ಪಿಟ್ಟು. ಹುರಿಹಿಟ್ಟು ಕಡಿಮೆ, ಮಿಕ್ಕ ಎರಡೇ ಹೆಚ್ಚು. ಎಲ್ಲವನ್ನೂ ಶಾಲೆಯ ಒಂದು ಕೋಣೆಯಲ್ಲಿ ಒಟ್ಟಿಸಿದರು. ಮಕ್ಕಳಂತೂ ಕಿಟಕಿಗೆ ಜೋತು ಬಿದ್ದು ನೋಡಿದ್ದೇ ನೋಡಿದ್ದು.

ಆ ಕೋಣೆಯ ಮೇಲಿದ್ದದ್ದು ತಗಡು. ನಮ್ಮ ಬೇಸಿಗೆ ನಿಮಗೆ ಗೊತ್ತಿದ್ದರೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ.

ಕಾರಹುಣ್ಣಿಮೆಯಾದ ಮೇಲೆ ಆ ಹಿರಿಯರು ಮತ್ತೆ ಬಂದರು. ಬೇಸಿಗೆ ದಾಟಿಯೂ ಪಾಕೀಟು ಚೆನ್ನಾಗಿ ಉಳಿದಿವೆಯೇ, ಇಡಬಹುದೇ, ಬದಲಿಸಬೇಕೇ ಎಂದು ತಿಳಿಯಬೇಕಿತ್ತು. ಯಾರನ್ನು ಕೇಳುವುದು? ಊರಿನ ಗಂಡಸರೆಲ್ಲ ಒಂದೇ ಬಾಯಲ್ಲಿ ನಮ್ಮ ಅತ್ತೆಯ ಹೆಸರು ಹೇಳಿದರು. ಅನ್ನಕ್ಕೆ ಎಂದೂ ಹೆಸರಿಡದವಳನ್ನು ಅನ್ನ ಪರೀಕ್ಷೆ ಮಾಡಲು ಕೂರಿಸಿದ ಊರು ನಮ್ಮದು! ಇವತ್ತು ನೆನೆದರೆ ನಗು ಬರಬೇಕು. ಬರುವುದಿಲ್ಲ.

ಹಿರಿಯರು ನಮ್ಮ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತರು. ಮೊದಲು ನಮ್ಮ ಮನೆಯ ರೊಟ್ಟಿ ಪಲ್ಯ ಉಂಡರು. ತಾವೂ ತಾಟು ತೊಳೆದು ಕುಡಿದರು. ಅತ್ತೆಗೆ ಅಲ್ಲಿಗೇ ಅವರ ಮೇಲೆ ಭಕ್ತಿ ಬಂದುಬಿಟ್ಟಿತು.

"ತಾಯಿ, ಮುಲಾಜು ಮಾಡಬೇಡಿ. ಇದ್ದದ್ದು ಇದ್ದ ಹಾಗೆ ಹೇಳಿ" ಅಂದರು ಹಿರಿಯರು. ಅಷ್ಟಕ್ಕೇ ನಿಲ್ಲಿಸಿದ್ದರೆ ಏನಾಗುತ್ತಿತ್ತೋ. ಪಾಕೀಟು ಒಡೆದು ಅತ್ತೆಯ ಅಂಗೈಗೆ ಅವಲಕ್ಕಿ ಸುರಿಯುತ್ತ, "ನಮ್ಮ ಮನೆಯವಳು, ಓಣಿಯ ಹೆಣ್ಣುಮಕ್ಕಳು ಎಲ್ಲ ಕೂತು ಕೈಯಾರೆ ಕಟ್ಟಿದ್ದಾರೆ. ಕೈ ಸುಟ್ಟುಕೊಂಡಿದ್ದಾರೆ" ಎಂದು ಸೇರಿಸಿದರು.

ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ನನಗೆ ಕಂಡದ್ದು ಅತ್ತೆಯ ಬೆನ್ನು, ತಲೆಯ ಮೇಲಿನ ಸೆರಗು. ಅವಲಕ್ಕಿಯನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿದರು. ಅಗಿದರು. ಬಹಳ ಹೊತ್ತು ಅಗಿದರು. ಆಮೇಲೆ ರವೆ. "ಹುಡುಗಿ, ನೀರು ತಾ" ಅಂದರು. ತಂಬಿಗೆ ಚಾಚಿ ಮತ್ತೆ ಬಾಗಿಲ ಹಿಂದೆ ಸರಿದೆ. ಅಷ್ಟೂ ನೀರು ಕುಡಿದು ಇನ್ನೊಂದು ತಂಬಿಗೆ ಕೇಳಿದರು.

"ಚಲೋ ಅದಾವ್ರಿ. ಇಡ್ರಿ" ಅಂದರು. "ಕಟ್ಟಿದ ಅವ್ವಗಳಿಗೆ ನನ್ನ ಶರಣು ಹೇಳ್ರಿ."

ಹಿರಿಯರ ಮುಖ ಅರಳಿತು. ಜೀಪು ಹೋದ ಮೇಲೆ ಊರಿನ ಹೆಂಗಸರ ಸಂಭ್ರಮ ನೋಡಬೇಕಿತ್ತು. ಪಕ್ಕದ ಮನೆಯ ದೊಡ್ಡವ್ವ ಓಡಿ ಬಂದರು. ಅವರು ನಮ್ಮ ಅತ್ತೆಯ ಜೀವದ ಗೆಳತಿ. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು. ಬೆಂಕಿ, ಉಪ್ಪು, ಮಜ್ಜಿಗೆ ಯಾವುದಕ್ಕೂ ಕೇಳುವುದಿಲ್ಲ, ನಮ್ಮ ಅಡಿಗೆಮನೆಗೆ ನುಗ್ಗಿ ಕತ್ತಲಲ್ಲೂ ಕೈ ಹಾಕಿ ತೆಗೆದುಕೊಂಡು ಹೋಗುತ್ತಿದ್ದರು. "ಲೇ, ಈ ವರ್ಷ ನಮ್ಮ ಸೊಂಟ ಉಳೀತು ನೋಡ! ರೊಟ್ಟಿ ಬಡಿಯೋದು ತಪ್ಪಿತು. ಜೋಳನೂ ಉಳೀತು" ಅಂದರು. ಅವರ ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಉಳಿದ ಜೋಳ ಬಾಣಂತನಕ್ಕಾಗುತ್ತದೆ ಎಂಬ ಲೆಕ್ಕ ಅವರದು. ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೊರ ತೆಗೆದುಕೊಂಡು ಜೋಳ ಹಸನು ಮಾಡಲು ಕೂತರು.

ಮರುದಿನದಿಂದ ನಮ್ಮ ಮನೆಯಲ್ಲಿ ಮಾತ್ರ ರೊಟ್ಟಿ ಬಡಿಯುವುದು ಶುರುವಾಯಿತು. ಬಡಿದದ್ದೇ ಬಡಿದದ್ದು. ಎಂದಿನಷ್ಟಲ್ಲ, ಅದರ ಮೂರು ಪಟ್ಟು, ನಾಲ್ಕು ಪಟ್ಟು. ಮನೆಯ ಜೋಳವೆಲ್ಲ ಬೀಸುಕಲ್ಲಿಗೆ ಹೋಯಿತು. ನನಗೆ ಸಿಟ್ಟು. "ಇಷ್ಟ್ಯಾಕ್ರಿ ಅತ್ತಿ? ಪಾಕೀಟು ಚಲೋ ಅದಾವ ಅಂತ ನೀವ ಹೇಳಿರಲ್ಲ?"

"ಇರ್ಲಿ ತಗಿ. ಹೊಳಿ ಯಾರ ಮಾತು ಕೇಳತೈತಿ?"

ಅದೇ ಅವರ ಲಿಂಬೆಹಣ್ಣು ಎಂದು ನನಗೆ ಹೊಳೆಯಲಿಲ್ಲ. ಜೀವಮಾನವೆಲ್ಲ ಮಾಡಿದ್ದನ್ನೇ ಈಗಲೂ ಮಾಡುತ್ತಿದ್ದರು: ಬಾಯಲ್ಲಿ ಚಲೋ ಅಂದು, ಹಿಂದಿನಿಂದ ಸರಿಮಾಡುವುದು. ಆದರೆ ಮದುವೆಯ ಸಾರಿಗೆ ಹುಳಿ ಹಿಂಡಿದಂತೆ ಬಾಯಿ ಅಂಟಿಸಿದ ಪಾಕೀಟಿಗೆ ಏನು ಹಿಂಡುತ್ತೀರಿ? ಇಡೀ ಊರಿಗೆ ಒಬ್ಬ ಮುದುಕಿ, ಅಡಿಗೆ ಬಾರದ ಒಬ್ಬ ಸೊಸೆ ಎಷ್ಟು ರೊಟ್ಟಿ ಬಡಿದಾರು? ಗೆಳತಿಯ ಕಿವಿಯಲ್ಲಿ ಒಂದು ಮಾತು ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ. ಉಂಡು ಹೋದ ಅತಿಥಿಯ ಅನ್ನವನ್ನು ಬೆನ್ನ ಹಿಂದೆ ಬೈದ ಹಾಗಾಗುತ್ತದಲ್ಲ!

ಶ್ರಾವಣದ ಮೊದಲ ವಾರ ಹೊಳೆ ಬಂತು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಎಲ್ಲರೂ ದಿಬ್ಬ ಹತ್ತಿದೆವು. ನಮ್ಮ ಮನೆಯ ಗಂಟುಗಳನ್ನು ನನ್ನ ಗಂಡ ಮತ್ತೆ ಮತ್ತೆ ಇಳಿದು ಹೊತ್ತು ತಂದರು. ಉಳಿದವರು ಬರಿಗೈಯಲ್ಲಿ, ನಿಶ್ಚಿಂತೆಯಿಂದ ಬಂದರು. ಪಾಕೀಟು ಇವೆಯಲ್ಲ.

ಹುರಿಹಿಟ್ಟು ಮೊದಲ ದಿನವೇ ಮುಗಿಯಿತು. ಆಮೇಲೆ ಅವಲಕ್ಕಿಯ ಚೀಲ ಒಡೆದರು. ಕಮಟು ವಾಸನೆ ಭಗ್ಗೆಂದು ಹೊಡೆಯಿತು. ಕೆಟ್ಟ ಶೇಂಗಾ ಎಣ್ಣೆಯ ವಾಸನೆ, ಹಳೆಯ ಗಾಣದ ಹಿಂಡಿಯ ಹಾಗೆ. ಇನ್ನೊಂದು ಒಡೆದರು, ಮತ್ತೊಂದು ಒಡೆದರು. ಎಲ್ಲ ಅದೇ. ರವೆಗೆ ಬಿಸಿನೀರು ಹಾಕಿದರೆ ಮೇಲೆ ಹಳದಿ ಎಣ್ಣೆ ತೇಲಿ ನಾಲಿಗೆಗೆ ಕಹಿ. ಹಸಿವಿಗೆ ತಿಂದ ಮಕ್ಕಳು ವಾಂತಿ ಮಾಡಿಕೊಂಡವು. ನೀರಿನ ಸೆಳೆತಕ್ಕೆ ಹರಿಗೋಲು ಬರುವಂತಿರಲಿಲ್ಲ.

ಅತ್ತೆ ನಮ್ಮ ಗಂಟು ಬಿಚ್ಚಿ ಮಕ್ಕಳಿದ್ದವರಿಗೆ ಮೊದಲು ಹಂಚತೊಡಗಿದರು. ಅರ್ಧರ್ಧ ರೊಟ್ಟಿ. ತೆಗೆದುಕೊಂಡವರು ರೊಟ್ಟಿ ನೋಡಿದರು, ಗಂಟು ನೋಡಿದರು, ಅತ್ತೆಯ ಮುಖ ನೋಡಿದರು. ಆ ನೋಟ ನನ್ನ ಬೆನ್ನಿಗೂ ಚುಚ್ಚಿತು. ಆಗ ನನಗೆ ಅರ್ಥವಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಪಕ್ಕದ ಮನೆಯ ದೊಡ್ಡವ್ವನ ಮಗಳಿಗೆ ಹೆರಿಗೆಯಾಗಿ ಹತ್ತು ದಿನವೂ ಆಗಿರಲಿಲ್ಲ. ಎರಡು ದಿನ ಸರಿಯಾಗಿ ಹೊಟ್ಟೆಗಿಲ್ಲದೆ ಅವಳ ಎದೆಹಾಲು ಬತ್ತುತ್ತ ಬಂದಿತ್ತು. ಕೂಸು ಮೊದಲು ಚೀರಿತು, ಆಮೇಲೆ ಕುಂಯ್ ಕುಂಯ್ ಅಂದಿತು, ಆಮೇಲೆ ಅದೂ ಇಲ್ಲ. ಅತ್ತೆ ರೊಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ, ಬೆಲ್ಲ ಹಾಕಿ ಕಿವುಚಿ, ಬಟ್ಟಲು ಹಿಡಿದು ಹೋದರು. ದೊಡ್ಡವ್ವ ಎದ್ದು ಅಡ್ಡ ನಿಂತರು.

"ನಮಗ ಪಾಕೀಟು ಚಲೋ ಅದಾವ ಅಂದಿ. ನೀ ಮಾತ್ರ ರೊಟ್ಟಿ ಬಡಕೊಂಡಿ."

"ಎಲ್ಲಾರಿಗೂ ಅಂತ ಬಡಿದೆ, ಯವ್ವಾ..."

"ಹಂಗಾರ ಗೊತ್ತಿತ್ತು ನಿನಗ!" ದೊಡ್ಡವ್ವನ ದನಿ ಒಡೆಯಿತು. "ನಿನ್ನ ಬಾಯಿ ನಂಬಿದ್ವಲ್ಲ. ಊರೆಲ್ಲಾ ನಿನ್ನ ಒಂದು ಬಾಯಿ ನಂಬಿತ್ತಲ್ಲ."

ಬಟ್ಟಲನ್ನು ಕಿತ್ತುಕೊಂಡು ಮಗಳ ಬಾಯಿಗೆ ಹಿಡಿದರು. ಅತ್ತೆ ಅಲ್ಲೇ ನಿಂತಿದ್ದರು, ಖಾಲಿ ಕೈ ಮುಂದೆ ಚಾಚಿದ್ದು ಚಾಚಿದ ಹಾಗೇ ಇತ್ತು. ನಾನು ಹೋಗಿ ಕೈ ಹಿಡಿದು ಕರೆದುಕೊಂಡು ಬಂದೆ. ಆಮೇಲೆ ಹೊಳೆ ಇಳಿಯುವ ತನಕ ಅವರು ಒಂದು ಚೂರು ರೊಟ್ಟಿ ಮುಟ್ಟಲಿಲ್ಲ. ಒಡೆದಿಟ್ಟ ಕಮಟು ಅವಲಕ್ಕಿಯನ್ನೇ ತಿಂದರು. ಎಷ್ಟು ಬೇಡಿಕೊಂಡರೂ ಬಿಡಲಿಲ್ಲ. ಇಳಿದ ಎಡಗಣ್ಣಿನ ರೆಪ್ಪೆ ಅಷ್ಟೂ ದಿನ ಮೇಲಕ್ಕೇಳಲೇ ಇಲ್ಲ.

ಕೂಸು ಉಳಿಯಿತು. ಅದೊಂದು ಪುಣ್ಯ.

ಹೊಳೆ ಇಳಿದ ಮೇಲೆ ಟೋಪಿಯ ಹಿರಿಯರು ಕೆಸರಿನಲ್ಲಿ ಕಾಲು ಹೂತುಕೊಂಡು ನಡೆದೇ ಬಂದರು. ಶಾಲೆಯ ಮುಂದೆ ಊರು ಸೇರಿತು. "ಪಾಕೀಟು ಉಪಯೋಗಕ್ಕೆ ಬಂದವೇನಮ್ಮಾ?" ಎಂದು ಕೇಳಿದರು. ಈಗ ಕೇಳಿ. ಅದೇ ಹೆಂಗಸರು, ಮಕ್ಕಳ ವಾಂತಿ ಬಳಿದು ತೆಗೆದ ಅದೇ ಹೆಂಗಸರು, "ಬಂದ್ವು ರೀ, ಪುಣ್ಯ ಬರ್ಲಿ ನಿಮಗ" ಅಂದರು. ಮನೆ ಬಾಗಿಲಿಗೆ ಬಂದವರಿಗೆ ಬೇರೆ ಏನು ಅನ್ನುತ್ತಾರೆ? ಪಕ್ಕದ ಮನೆಯ ದೊಡ್ಡವ್ವ ಕೂಡ ಸೆರಗು ಮುಂದಕ್ಕೆಳೆದು, "ಚಲೋ ಇದ್ವು ರೀ" ಅಂದರು.

ಹಿಂದಿನಿಂದ ಅತ್ತೆ ಮುಂದೆ ಬಂದರು. "ಸುಳ್ಳ್ರಿ. ಕೆಟ್ಟಿದ್ವು. ಹುಡುಗರು ಕಕ್ಕಿದ್ವು. ನಾ ಅವತ್ತ ಬಾಯಿಗಿಟ್ಟಾಗನೂ ಕೆಟ್ಟಿದ್ವು. ಚಲೋ ಅದಾವ ಅಂತ ನಾ ಸುಳ್ಳು ಹೇಳಿದೆ."

ಹಿರಿಯರ ಮುಖದ ಬಣ್ಣ ಇಳಿಯಿತು. "ನಾನು ಕೇಳಿದ್ದೆನಲ್ಲ ತಾಯಿ, ಮುಲಾಜು ಬೇಡ ಅಂತ" ಅಂದರು. ಮನೆಗೆ ಕರೆದರೂ ನೀರು ಸಹ ಕುಡಿಯದೆ ಹೋದರು. ಅವರ ಬೆನ್ನು ಮರೆಯಾಗುವ ತನಕ ಅತ್ತೆ ಕೈಮುಗಿದೇ ನಿಂತಿದ್ದರು.

ಅಷ್ಟಾದ ಮೇಲಾದರೂ ಊರು ಸಮಾಧಾನವಾಯಿತೇ? ಇಲ್ಲ. ಕೊಡುವವರ ಮುಖಕ್ಕೆ ಹೊಡೆದಂಗ ಅಂದಳಲ್ಲ, ಇನ್ನ ಅವರು ಬರತಾರೇನು, ಎಂದು ಬೈದರು. ಮೊದಲು ಹೇಳಲಿಲ್ಲ ಎಂದು ಬೈದವರೂ ಅವರೇ. ಮರುವರ್ಷ ಜೀಪು ಬರಲಿಲ್ಲ. ಅದರ ಮರುವರ್ಷ ಯಾವುದೋ ಲಾರಿಯಲ್ಲಿ ಜೋಳದ ಚೀಲಗಳು ಬಂದವು, ರೊಟ್ಟಿಗೆ ಅಂತ. ಟೋಪಿಯ ಹಿರಿಯರು ಬಂದಿರಲಿಲ್ಲ.

ಅತ್ತೆಯ ಬಾಯಿ ಅವತ್ತಿನಿಂದ ತಿರುವುಮುರುವಾಯಿತು. ಯಾರ ಮನೆಯಲ್ಲಿ ಉಂಡರೂ ಮುಖದ ಮೇಲೆ ಹೇಳುವುದೇ. ಖಾರ ಹೆಚ್ಚಾತು, ಬ್ಯಾಳಿ ಬೆಂದಿಲ್ಲ, ಮಜ್ಜಿಗಿ ಹುಳಿ ಬಂದೈತಿ. ಕರೆಯುವವರು ಕಡಿಮೆಯಾದರು. ಕೊಟ್ಟೂರಿನಲ್ಲಿ ನನ್ನ ತಮ್ಮನ ಮದುವೆಯಾಯಿತು. ಬೀಗರು ಪಂಕ್ತಿಯಲ್ಲಿ ಕೂತಿದ್ದಾರೆ, ಅತ್ತೆ ಎಲೆಯ ಮುಂದಿನಿಂದ ಎದ್ದು ನಿಂತು, "ಸಾರು ಹಳಸೇತಿ, ಬಡಿಸಬ್ಯಾಡ್ರಿ!" ಎಂದು ಕೂಗಿದರು. ಇಡೀ ಚಪ್ಪರ ತಿರುಗಿ ನೋಡಿತು. ನಾನು ತಿಂದು ನೋಡಿದೆ. ಹಳಸಿರಲಿಲ್ಲ, ಹುಣಸೆಹುಳಿ ಹೆಚ್ಚಾಗಿತ್ತು ಅಷ್ಟೇ. ಅವರಿಗೆ ಈಗ ನಾಲಿಗೆಯ ಮೇಲೂ ನಂಬಿಕೆ ಹೋಗಿತ್ತು. ಎಲ್ಲ ತುತ್ತಿನಲ್ಲೂ ಕಮಟು ವಾಸನೆ ಹುಡುಕುತ್ತಿದ್ದರು. ತವರಿನವರ ಮುಂದೆ ತಲೆ ಎತ್ತಲಾಗದೆ ಬಸ್ಸಿನಲ್ಲಿ ಅವರ ಮೇಲೆ ಹರಿಹಾಯ್ದೆ. "ಬಾಯಿ ಮುಚ್ಕೊಂಡು ಉಣ್ಣಾಕ ಆಗೋದಿಲ್ಲೇನ್ರಿ ನಿಮಗ?"

"ಮುಚ್ಕೊಂಡ ಕೆಟ್ಟೆನವ್ವ ನಾನು" ಅಂದರು. ಹೂವಿನಹಡಗಲಿ ಬರುವ ತನಕ ಕಿಟಕಿಯ ಹೊರಗೇ ನೋಡುತ್ತಿದ್ದರು. ನಾನೂ ಆಮೇಲೆ ಆ ಮಾತು ಎತ್ತಲಿಲ್ಲ.

ಇದೆಲ್ಲದರ ನಡುವೆ ಪಕ್ಕದ ಮನೆಯ ದೊಡ್ಡವ್ವ ನಮ್ಮ ಹೊಸ್ತಿಲು ತುಳಿಯಲಿಲ್ಲ. ಎದುರಾದರೆ ಮುಖ ತಿರುವುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ನಡುವೆ ಒಂದೇ ಗೋಡೆ. ಅವರ ಒಲೆಯ ಹೊಗೆ ನಮ್ಮ ಅಡಿಗೆಮನೆಗೆ ಬರುತ್ತಿತ್ತು. ಅತ್ತೆ ಆ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅತ್ತೆ ಹಾಸಿಗೆ ಹಿಡಿದರು. ಊಟ ಬಿಟ್ಟರು. ನಾನು ಏನು ಮಾಡಿಕೊಟ್ಟರೂ ಒಂದು ಗುಟುಕು, ಅಷ್ಟೇ. ಒಂದು ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ಪಕ್ಕದ ಮನೆಯ ದೊಡ್ಡವ್ವ. ಕೈಯಲ್ಲಿ ಅಕ್ಕಿನುಚ್ಚಿನ ಗಂಜಿಯ ಬಟ್ಟಲು. ನಾನು ಎದ್ದು ನಿಂತೆ. ಅವರು ಸೀದಾ ಹೋಗಿ ಹಾಸಿಗೆಯ ಪಕ್ಕ ಕೂತು, ಚಮಚದಿಂದ ಗಂಜಿ ಅತ್ತೆಯ ಬಾಯಿಗೆ ಇಟ್ಟರು.

ನಾನು ಎದುರಿಗೇ ಇದ್ದೆ, ಈ ಸಲ ಮುಖ ಕಾಣುತ್ತಿತ್ತು. ಮಚ್ಚೆಯ ರೆಪ್ಪೆ ಇಳಿಯಿತು.

"ಹೆಂಗೈತಿ?" ಕೇಳಿದರು ದೊಡ್ಡವ್ವ.

ಅತ್ತೆ ಗಂಜಿಯನ್ನು ನಾಲಿಗೆಯ ಮೇಲೆ ಆಡಿಸಿದರು. ಚಲೋ ಆಗೈತಿ ಅಂದುಬಿಡಲಿ ದೇವರೇ, ಇಷ್ಟು ವರ್ಷದ ಮೇಲೆ ಬಂದಿದ್ದಾರೆ, ಇದೊಂದು ಸಲ ಅಂದುಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ನಾಚಿಕೆಯಾಗಬೇಕು ನನಗೆ. ಆ ಸುಳ್ಳಿಗೆ ಏನೇನಾಯಿತೆಂದು ಕಣ್ಣಾರೆ ಕಂಡವಳು ನಾನು.

"ಉಪ್ಪಿಲ್ಲ" ಅಂದರು ಅತ್ತೆ.

ದೊಡ್ಡವ್ವ ತಾವೂ ಒಂದು ಚಮಚ ಬಾಯಿಗಿಟ್ಟುಕೊಂಡರು. "ಹೂಂ. ಖರೇನ ಇಲ್ಲ" ಅಂದರು. ಕಣ್ಣು ಒರೆಸಿಕೊಂಡು, ಮೊಣಕಾಲಿಗೆ ಕೈಯೂರಿ ಎದ್ದು, ನನ್ನನ್ನು ಕೇಳದೆ ನಮ್ಮ ಅಡಿಗೆಮನೆಗೆ ಹೋದರು. ಮೊದಲಿನ ಹಾಗೆಯೇ ಒಲೆಯ ಪಕ್ಕದ ಗೂಡಿಗೆ ಕೈ ಹಾಕಿದರು. ಅಲ್ಲಿ ಉಪ್ಪು ಇರಲಿಲ್ಲ. ನಾನು ಅದನ್ನು ಎಂದೋ ಬೇರೆ ಕಡೆ ಎತ್ತಿಟ್ಟಿದ್ದೆ.

"ಉಪ್ಪಿನ ಗಡಿಗಿ ಎಲ್ಲೈತವ್ವ?" ಎಂದು ಒಳಗಿನಿಂದ ಕೇಳಿದರು.

ನಾನು ಹೋಗಿ ತೋರಿಸಿದೆ. ಅತ್ತೆ ಆ ದಿನ ಬಟ್ಟಲು ಪೂರ್ತಿ ಕುಡಿದರು. ಆಮೇಲೆ ಕೈಸನ್ನೆ ಮಾಡಿ ಅದಕ್ಕೆ ನೀರು ಹಾಕಿಸಿಕೊಂಡು, ದೊಡ್ಡವ್ವ ಬಟ್ಟಲು ಹಿಡಿದುಕೊಂಡಿರುವಾಗಲೇ ಬೆರಳಾಡಿಸಿ ತೊಳೆದು, ಅದನ್ನೂ ಕುಡಿದರು. ಅವರ ಹೊಟ್ಟೆಗೆ ಹೋದ ಕೊನೆಯ ಅನ್ನ ಅದೇ.